ಹೈಟಿ: ಗುಲಾಮರು ಗೆದ್ದ ಸ್ವಾತಂತ್ರ್ಯಕ್ಕೆ 15 ಕೋಟಿಯ ಬಿಲ್

[ತೆರೆ: ಪೋರ್ಟ್-ಓ-ಪ್ರಿನ್ಸ್ ಬಂದರು, 1825. ಸಾಲಾಗಿ ಯುದ್ಧನೌಕೆಗಳು]

ಸ್ವತಂತ್ರವಾಗಿ 21 ವರ್ಷ ಕಳೆದ ಮೇಲೆ ಹೈಟಿಗೆ ಫ್ರಾನ್ಸಿನಿಂದ ಒಂದು ಬಿಲ್ ಬಂತು. 15 ಕೋಟಿ ಫ್ರಾಂಕ್, ಐದು ಕಂತು. ವಸೂಲಿಗೆ ಬಂದದ್ದು 14 ಯುದ್ಧನೌಕೆ, ಹತ್ತಿರ ಹತ್ತಿರ 500 ಫಿರಂಗಿ. ಏತರ ಬಾಕಿ? ತೋಟ ಕಳೆದುಕೊಂಡ ಹಳೇ ಮಾಲೀಕರ ನಷ್ಟ ಅಂತೆ. ಆ ಲೆಕ್ಕದಲ್ಲಿ ಬಿಡುಗಡೆಯಾದ ಮನುಷ್ಯರ ಬೆಲೆಯೂ ಸೇರಿತ್ತು.

[ತೆರೆ: ಹಿಸ್ಪಾನಿಯೋಲ ದ್ವೀಪದ ನಕ್ಷೆ, ಪಶ್ಚಿಮ ಭಾಗ ಕೆಂಪು. "1789"]

ಕೆರಿಬಿಯನ್ ಸಮುದ್ರದ ಹೈಟಿ ಆಗ ಫ್ರೆಂಚ್ ವಸಾಹತು, ಹೆಸರು ಸೆಂಟ್-ಡೊಮಿಂಗ್. ಸುಮಾರು 5 ಲಕ್ಷ ಗುಲಾಮರು, 30-40 ಸಾವಿರ ಬಿಳಿಯರು, ಸುಮಾರು 30 ಸಾವಿರ ಸ್ವತಂತ್ರ ಕಪ್ಪು ಮತ್ತು ಮಿಶ್ರವರ್ಣದವರು. ಯುರೋಪಿನ ಸಕ್ಕರೆಯಲ್ಲಿ ಸುಮಾರು 40 ಶೇಕಡ ಇಲ್ಲಿಂದಲೇ.

ಆಲೆಮನೆ ನೋಡಿದವರಿಗೆ ಗೊತ್ತು, ಕಡಿದ ಕಬ್ಬನ್ನು ಬಿದ್ದಿರಲು ಬಿಟ್ಟರೆ ರಸ ಹುಳಿಯುತ್ತೆ. ಹಾಗಾಗಿ ಕಟಾವಿನ ಕಾಲದಲ್ಲಿ ಗಾಣ ರಾತ್ರಿಯೂ ನಿಲ್ಲುತ್ತಿರಲಿಲ್ಲ. ನಿದ್ದೆಗಣ್ಣಲ್ಲಿ ಕಬ್ಬು ಕೊಡುವವರ ಬೆರಳು ರೋಲರಿಗೆ ಸಿಕ್ಕಿದರೆ ತೋಳೂ ಹೋಗುತ್ತಿತ್ತು. ಅದಕ್ಕೇ ಗಾಣದ ಪಕ್ಕ ಒಂದು ಮಚ್ಚು ಇಟ್ಟಿರುತ್ತಿದ್ದರು, ಕೈ ಕಡಿದು ಜೀವ ಉಳಿಸೋಕೆ.

[ತೆರೆ: ಎರಡು ಸಾಲು ಮಾತ್ರ, "ವಿಧಿ 1" ಮತ್ತು "ವಿಧಿ 17"]

ಅದೇ 1789ರ ಆಗಸ್ಟ್ 26ರಂದು ಫ್ರಾನ್ಸಿನಲ್ಲಿ ಮಾನವ ಹಕ್ಕುಗಳ ಘೋಷಣೆ. ಮೊದಲ ವಿಧಿ: ಮನುಷ್ಯರು ಹುಟ್ಟುತ್ತಲೇ ಸ್ವತಂತ್ರರು, ಸಮಾನರು. ಕೊನೆಯದು, 17ನೇ ವಿಧಿ: ಆಸ್ತಿ ಪವಿತ್ರ, ಅದನ್ನು ಮುಟ್ಟುವಂತಿಲ್ಲ. ಹಾಗಾದರೆ ಗುಲಾಮ ಮನುಷ್ಯನೋ ಆಸ್ತಿಯೋ? ಇಡೀ ಕ್ರಾಂತಿ ಈ ಎರಡು ವಿಧಿಗಳ ಜಗಳ ಅಂತ ಓದಿದರೆ ತಪ್ಪಿಲ್ಲ.

ಮಿಶ್ರವರ್ಣದ ಶ್ರೀಮಂತ ವಿನ್ಸೆಂಟ್ ಓಝೆ 1790ರಲ್ಲಿ ದಂಗೆ ಎದ್ದದ್ದು ಆಸ್ತಿವಂತ ಮಿಶ್ರವರ್ಣದವರ ಹಕ್ಕಿಗೆ ಮಾತ್ರ. ಗುಲಾಮರನ್ನು ಅವನು ಜೊತೆಗೆ ಕರೆಯಲಿಲ್ಲ. ಬಲ ಸಾಲಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ಚಕ್ರಕ್ಕೆ ಕಟ್ಟಿ ಕೊಂದರು.

1791ರ ಆಗಸ್ಟ್ 22ರ ರಾತ್ರಿ ಎದ್ದವರು ಗುಲಾಮರೇ. ಕೈಯಲ್ಲಿ ಕಬ್ಬು ಕಡಿಯುವ ಮಚ್ಚು. ಉತ್ತರದ ಬಯಲಲ್ಲಿ ಗದ್ದೆ, ಗಾಣ, ಕೊಪ್ಪರಿಗೆ ಮನೆ ಒಂದೂ ಬಿಡದೆ ಸುಟ್ಟರು. ಗಾಣ ಹೋದರೆ ಉಳಿದ ಕಬ್ಬಿಗೂ ಬೆಲೆ ಇಲ್ಲ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮುಂದೆ ಸ್ಪೇನ್, ಬ್ರಿಟನ್ ಎರಡೂ ಫ್ರಾನ್ಸಿನ ವಿರುದ್ಧ ಯುದ್ಧಕ್ಕಿಳಿದವು. ಫ್ರಾನ್ಸ್ ಕಳಿಸಿದ್ದ ಕಮಿಷನರ್ ಸೊಂತೊನಾಕ್ಸ್‌ಗೆ ಸೈನಿಕರು ಬೇಕಿತ್ತು. 1793ರ ಆಗಸ್ಟ್ 29ರಂದು ಉತ್ತರ ಪ್ರಾಂತ್ಯದಲ್ಲಿ ಗುಲಾಮಗಿರಿ ರದ್ದು ಮಾಡಿದ. ಪ್ಯಾರಿಸ್ ಅದನ್ನು ಒಪ್ಪಿ ಎಲ್ಲ ವಸಾಹತುಗಳಿಗೂ ಅನ್ವಯಿಸಿದ್ದು 1794ರ ಫೆಬ್ರವರಿ 4ರಂದು. ಅಂದರೆ ಕಾನೂನು ಬಂದದ್ದು ಬೆಂಕಿಯ ಹಿಂದೆ.

[ತೆರೆ: ತೂಸಾಂ ಲೂವೆರ್ತುರ್ ಚಿತ್ರ]

ಗುಲಾಮನಾಗಿ ಹುಟ್ಟಿ, ಸೇನಾಪತಿಯಾಗಿ ವಸಾಹತಿನ ಆಡಳಿತ ಹಿಡಿದ ತೂಸಾಂ ಲೂವೆರ್ತುರ್ 1801ರ ಸಂವಿಧಾನದಲ್ಲಿ ಬರೆಸಿದ: ಈ ನೆಲದಲ್ಲಿ ಗುಲಾಮರು ಇರುವಂತಿಲ್ಲ. ಆದರೆ ಬಂದೂಕು ಕೊಳ್ಳೋಕೆ ರಫ್ತು ಬೇಕು, ರಫ್ತಿಗೆ ತೋಟ ಬೇಕು. ಬಿಡುಗಡೆಯಾದವರನ್ನೇ ಸೈನ್ಯ ನಿಲ್ಲಿಸಿ ತೋಟಕ್ಕೆ ಕಟ್ಟಿಹಾಕಿದ. ಅವನು ಎಡವಿದ್ದು ಇಲ್ಲೇ. ಜನ ಅವನಿಂದ ದೂರವಾದರು.

1801ರ ಕೊನೆಯಲ್ಲಿ ನೆಪೋಲಿಯನ್ ತನ್ನ ತಂಗಿಯ ಗಂಡ ಲೆಕ್ಲರ್ಕ್‌ನನ್ನು ಸೈನ್ಯದ ಜೊತೆ ಕಳಿಸಿದ. 1802ರಲ್ಲಿ ತೂಸಾಂನನ್ನು ಮಾತುಕತೆಗೆ ಕರೆದು ಹಿಡಿದರು. ಮರುವರ್ಷ ಫ್ರಾನ್ಸಿನ ಫೋರ್ಟ್ ದ ಜೂ ಕೋಟೆಯಲ್ಲಿ ಸತ್ತ. ಕೆಲವು ಕಪ್ಪು ಸೇನಾಪತಿಗಳು ಆಗ ಫ್ರೆಂಚರ ಕಡೆಯೇ ಇದ್ದರು. ಅಷ್ಟರಲ್ಲಿ ಇನ್ನೊಂದು ಫ್ರೆಂಚ್ ವಸಾಹತು ಗ್ವಾಡಲೂಪ್‌ನಲ್ಲಿ ಗುಲಾಮಗಿರಿ ವಾಪಸ್ ಬಂದ ಸುದ್ದಿ ಮುಟ್ಟಿತು. ಆ ಸೇನಾಪತಿಗಳಲ್ಲೊಬ್ಬನಾದ ದೆಸ್ಸಲೀನ್ ತಿರುಗಿಬಿದ್ದ.

ಇನ್ನೊಂದು ಸೈನ್ಯ ಸೊಳ್ಳೆಗಳದ್ದು. ಸಕ್ಕರೆ ಬಸಿಯಲು ಇಟ್ಟ ಮಣ್ಣಿನ ಕುಡಿಕೆ, ನೀರಿನ ತೊಟ್ಟಿ, ಎಲ್ಲದರಲ್ಲೂ ಮಳೆನೀರು ನಿಂತು ಹಳದಿ ಜ್ವರದ ಸೊಳ್ಳೆ ಹುಟ್ಟುತ್ತಿತ್ತು. ಚಿಕ್ಕಂದಿನಲ್ಲೇ ಜ್ವರ ಬಂದುಹೋದವರಿಗೆ ಭಯವಿಲ್ಲ; ಹೊಸದಾಗಿ ಹಡಗಿಳಿದ ಸಿಪಾಯಿಗೆ ಉಳಿಗಾಲವಿಲ್ಲ. ಲೆಕ್ಲರ್ಕ್ ಕೂಡ ಅದರಲ್ಲೇ ಹೋದ. 1803ರ ನವೆಂಬರ್ 18ರಂದು ವೆರ್ತಿಯೇರ್‌ನಲ್ಲಿ ಫ್ರೆಂಚರು ಸೋತರು. 1804ರ ಜನವರಿ 1ರಂದು ಗೊನಾಯಿವ್‌ನಲ್ಲಿ ಸ್ವಾತಂತ್ರ್ಯ ಘೋಷಣೆ. ಮೂಲನಿವಾಸಿಗಳು ಕರೆಯುತ್ತಿದ್ದ ಹೆಸರೇ ದೇಶಕ್ಕೆ ಬಂತು: ಹೈಟಿ.

[ತೆರೆ: ಮತ್ತೆ "ವಿಧಿ 17"]

ಈಗ ಆ ಬಿಲ್. ಅಧ್ಯಕ್ಷ ಬೊಯೆ ಫಿರಂಗಿಗಳನ್ನು ನೋಡಿ ಸಹಿ ಹಾಕಿದ. ಮೊದಲ ಕಂತು 3 ಕೋಟಿ. ಅಷ್ಟನ್ನೂ ಪ್ಯಾರಿಸ್ಸಿನ ಬ್ಯಾಂಕರುಗಳಿಂದಲೇ ಸಾಲ ಮಾಡಬೇಕಾಯ್ತು. ಅವರು 60 ಲಕ್ಷ ಮುರಿದುಕೊಂಡು 2 ಕೋಟಿ 40 ಲಕ್ಷ ಕೊಟ್ಟರು. 1838ರಲ್ಲಿ ಒಟ್ಟು ಮೊತ್ತ 9 ಕೋಟಿಗೆ ಇಳಿಯಿತು. ಆದರೂ ಬಾಕಿ ತೀರಿಸಲು ಸಾಲ, ಸಾಲ ತೀರಿಸಲು ಮತ್ತೆ ಸಾಲ.

ದುಡ್ಡು ಹುಟ್ಟಿಸೋಕೆ ಬೊಯೆ 1826ರಲ್ಲಿ ಗ್ರಾಮೀಣ ಕಾಯ್ದೆ ತಂದ: ರೈತರು ತೋಟಕ್ಕೆ ಮರಳಬೇಕು, ಅಪ್ಪಣೆ ಇಲ್ಲದೆ ಊರು ಬಿಡುವಂತಿಲ್ಲ. ಕಾಯ್ದೆ ಕಾಗದದಲ್ಲೇ ಉಳಿಯಿತು. ಗುಡ್ಡದ ಮೇಲೆ ತುಂಡು ನೆಲ ಹಿಡಿದವರು ಕಬ್ಬಿಗೆ ಮಾತ್ರ ಇಳಿದು ಬರಲಿಲ್ಲ.