ಏನೂ ಆಗದ ಮಗುವನ್ನು ಕರೆತನ್ನಿ

ಕೇಳುಗರಿಗೆ ನಮಸ್ಕಾರ.

“ಮಗುವಿಗೆ ಏನೂ ಆಗಿಲ್ಲವಲ್ಲ ಡಾಕ್ಟರೇ, ಮತ್ತೇಕೆ ಕರೆತರಬೇಕು?” ಸಮುದಾಯ ಆರೋಗ್ಯ ಕೇಂದ್ರದ ಮಕ್ಕಳ ವಿಭಾಗದಲ್ಲಿ ಕೂತು ನಾನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ನಿಜ ಹೇಳಬೇಕೆಂದರೆ, ಏನೂ ಆಗದ ಮಗುವೇ ನನಗೆ ಬೇಕು. ಜ್ವರದಲ್ಲಿ ಅಳುವ ಮಗು ಬಂದರೆ ಜ್ವರವೊಂದನ್ನೇ ನೋಡಿ ಕಳಿಸುತ್ತೇವೆ. ಆಡುತ್ತಿರುವ ಮಗುವಾದರೆ ಕತ್ತು ನಿಂತಿದೆಯೇ, ಸದ್ದಾದತ್ತ ತಿರುಗುತ್ತದೆಯೇ, ಎರಡು ಕಣ್ಣೂ ಒಂದೇ ಕಡೆ ನೋಡುತ್ತವೆಯೇ ಎಂದು ನಿಧಾನವಾಗಿ ಗಮನಿಸಬಹುದು.

ನಿಮ್ಮ ತಾಯಿ ಕಾರ್ಡ್ ಎಲ್ಲಿದೆ? ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದೊಳಗೆ ಭದ್ರವಾಗಿರುತ್ತದೆ, ಬಲ್ಲೆ. ಅದರಲ್ಲಿ ಲಸಿಕೆಯ ಪುಟವನ್ನಷ್ಟೇ ತೆರೆಯುತ್ತೀರಿ. ಬೆಳವಣಿಗೆಯ ನಕ್ಷೆಯ ಪುಟವನ್ನೂ ಒಮ್ಮೆ ತೆರೆಯಿರಿ. ಹುಟ್ಟಿದಾಗಿನ ತೂಕ ಸುಮಾರು 5 ತಿಂಗಳಿಗೆ ಎರಡರಷ್ಟು, ವರ್ಷ ತುಂಬುವಾಗ ಮೂರರಷ್ಟು ಆಗಬೇಕು. ಪಕ್ಕದ ಮನೆಯ ಮಗುವಿನ ತೂಕ ನಮಗೆ ಬೇಡ. ನಿಮ್ಮ ಮಗುವಿನ ಗೆರೆ ಮೇಲೇರುತ್ತಿದೆಯೇ, ಅದನ್ನು ನೋಡಿ. ಎರಡು ತಿಂಗಳು ಗೆರೆ ಅಡ್ಡ ಮಲಗಿದರೆ ನಾನು ಮೊದಲು ಕೇಳುವುದು ಊಟದ ವಿಚಾರ. 6 ತಿಂಗಳು ತುಂಬಿದರೂ ಎದೆಹಾಲಿನ ಜೊತೆ ಬೇರೇನೂ ಶುರುವಾಗಿರುವುದಿಲ್ಲ. ಇಲ್ಲವೇ ರಾಗಿ ಸರಿಯನ್ನು ನೀರು ನೀರಾಗಿ ಕಾಯಿಸಿರುತ್ತಾರೆ. ಚಮಚ ಓರೆಮಾಡಿದೊಡನೆ ಸುರಿದುಹೋಗುವ ಸರಿಯಿಂದ ಹೊಟ್ಟೆ ತುಂಬೀತು, ಮೈಗೆ ಹತ್ತುವುದಿಲ್ಲ.

ತೂಗಿದರೆ ದೃಷ್ಟಿಯಾಗುತ್ತದೆ ಎನ್ನುವ ಅಜ್ಜಿಯರೊಡನೆ ನಾನು ವಾದಕ್ಕಿಳಿಯುವುದಿಲ್ಲ. ಮನೆಗೆ ಹೋಗಿ ನಿವಾಳಿಸಿಬಿಡಿ ಅಮ್ಮಾ, ಈಗ ತೂಗಲು ಬಿಡಿ ಎನ್ನುತ್ತೇನೆ. ತೋಳಿನ ಸುತ್ತಳತೆಗೂ ಒಂದು ಬಣ್ಣದ ಪಟ್ಟಿಯಿದೆ. 6 ತಿಂಗಳಿಂದ 5 ವರ್ಷದ ಮಗುವಿನ ತೋಳು ಹನ್ನೊಂದೂವರೆ ಸೆಂಟಿಮೀಟರಿಗಿಂತ ಸಣ್ಣದಿದ್ದರೆ ಪಟ್ಟಿ ಕೆಂಪು ತೋರಿಸುತ್ತದೆ. ಅದು ತೀವ್ರ ಅಪೌಷ್ಟಿಕತೆ. ಆ ಮಗುವನ್ನು ಅಂದೇ ವೈದ್ಯರಿಗೆ ತೋರಿಸಬೇಕು.

ಇನ್ನು ಲಸಿಕೆ. 9 ತಿಂಗಳ ದಡಾರ-ರುಬೆಲ್ಲಾ ಚುಚ್ಚುಮದ್ದಾದ ಮೇಲೆ ಎಲ್ಲ ಮುಗಿಯಿತೆಂದು ಬಹಳ ಮಂದಿ ಕಾರ್ಡನ್ನು ಎತ್ತಿಡುತ್ತಾರೆ. ಮುಗಿದಿಲ್ಲ. 16ರಿಂದ 24 ತಿಂಗಳೊಳಗೆ ಅದರ ಎರಡನೆಯ ಡೋಸ್ ಇದೆ, ಮೊದಲು ಹಾಕಿಸಿದ ಬೇರೆ ಲಸಿಕೆಗಳ ಬಲ ಹೆಚ್ಚಿಸುವ ಬೂಸ್ಟರ್ ಕೂಡ ಇದೆ. ವಿಟಮಿನ್ ‘ಎ’ ದ್ರಾವಣವಂತೂ 5 ವರ್ಷದವರೆಗೆ ಒಟ್ಟು 9 ಸಲ. ನಡುವೆ ಒಂದು ತಪ್ಪಿತೆಂದು ಬೈಯುತ್ತಾರೇನೋ ಎಂಬ ಅಳುಕಿನಿಂದ ಮನೆಯಲ್ಲೇ ಉಳಿಯಬೇಡಿ. ಮೊದಲಿನಿಂದ ಶುರುಮಾಡಬೇಕಾಗಿಲ್ಲ, ನಿಂತಲ್ಲಿಂದಲೇ ಮುಂದುವರಿಸುತ್ತೇವೆ.

ಲಸಿಕೆಯ ದಿನ ಯಾವುದೆಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ. ಬರುವಾಗ ಮಗುವಿಗೆ ಸ್ವೆಟರಿನ ಮೇಲೆ ಸ್ವೆಟರ್ ಹಾಕಿ ತರಬೇಡಿ. ತೂಗುವ ಮುಂಚೆ ಎಲ್ಲವನ್ನೂ ಬಿಚ್ಚಬೇಕು. ಅರ್ಧ ಮಕ್ಕಳು ಅಳುವುದು ಸೂಜಿಗಲ್ಲ, ಅದಕ್ಕೇ.

ನಮಸ್ಕಾರ.