ಪುಸ್ತಕ ಮುಚ್ಚಿ ಬರೆಯಿರಿ

ಕೇಳುಗರಿಗೆ ನಮಸ್ಕಾರ. ಹತ್ತನೇ ತರಗತಿಯ ಮಕ್ಕಳಿಗೆ ಇನ್ನೊಂದು ನಮಸ್ಕಾರ, ಯಾಕೆಂದರೆ ಇವತ್ತಿನ ಮಾತು ನಿಮಗೇ. ಪಕ್ಕದಲ್ಲಿ ಅಪ್ಪ ಅಮ್ಮ ಕೂತಿದ್ದರೆ ಕೂರಲಿ, ಅವರಿಗೂ ಎರಡು ಮಾತಿದೆ, ಕೊನೆಯಲ್ಲಿ.

ನಾನು ಹಳ್ಳಿಯ ಹೈಸ್ಕೂಲುಗಳಲ್ಲಿ ಗಣಿತ ಹೇಳಿಕೊಟ್ಟವನು. ಬೀದಿ ದೀಪದ ಕೆಳಗೆ ಓದಿ ದೊಡ್ಡವರಾದವರ ಕಥೆ ನಾನು ಹೇಳುವುದಿಲ್ಲ. ಅದನ್ನು ಪ್ರತಿ ವರ್ಷ ಸ್ಕೂಲ್ ಡೇ ದಿನ ಯಾರಾದರೂ ಹೇಳೇ ಹೇಳುತ್ತಾರೆ. ನೀವು ಚಪ್ಪಾಳೆ ತಟ್ಟಿ, ಖಾರಾಬೂಂದಿ ತಿಂದು, ಮನೆಗೆ ಹೋಗಿ ಮಲಗುತ್ತೀರಿ. ನನ್ನ ಹತ್ತಿರ ಇರುವುದು ಒಂದೇ ಮಾತು. ಪುಸ್ತಕ ಮುಚ್ಚಿ ಬರೆಯಿರಿ.

ಅಷ್ಟೇನಾ ಅಂತೀರಾ? ಅಷ್ಟೇ. ಕಷ್ಟಪಟ್ಟು ಓದಬೇಕು ಅಂತ ಎಲ್ಲರೂ ಹೇಳುತ್ತಾರೆ, ಕಷ್ಟ ಅಂದರೆ ಯಾವುದು ಅಂತ ಹೇಳುವುದಿಲ್ಲ. ರಾತ್ರಿ ಹನ್ನೊಂದರವರೆಗೆ ಗೈಡ್ ತೆರೆದುಕೊಂಡು ಕೂರುವುದು ಕಷ್ಟವಲ್ಲ ಮಕ್ಕಳೇ, ಅದು ಬರೀ ನಿದ್ದೆಗೇಡು. ಗೈಡ್ ಮುಚ್ಚಿ, ಖಾಲಿ ಹಾಳೆ ಎದುರಿಗಿಟ್ಟುಕೊಂಡು, ಮೊದಲ ಸಾಲು ಏನು ಅಂತ ತಲೆ ಕೆರೆದುಕೊಳ್ಳುತ್ತೀರಲ್ಲ, ಅದು ಕಷ್ಟ. ಅದನ್ನು ನಿಮ್ಮ ಬದಲು ಬೇರೆ ಯಾರೂ ಪಡಲಾರರು.

ಒಬ್ಬಳು ಹುಡುಗಿಯ ಕಥೆ ಹೇಳುತ್ತೇನೆ. ಇದನ್ನು ಹೇಳದೆ ನಾನು ಎಲ್ಲೂ ಭಾಷಣ ಮುಗಿಸಿದವನಲ್ಲ.

ಅರ್ಧವಾರ್ಷಿಕ ಪರೀಕ್ಷೆ ಆಗಿತ್ತು. ಗಣಿತದಲ್ಲಿ 80ಕ್ಕೆ 28. ಉತ್ತರಪತ್ರಿಕೆ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಕಣ್ಣಲ್ಲಿ ನೀರು. "ಎಲ್ಲಾ ಓದಿದ್ದೆ ಸಾರ್, ಎಲ್ಲಾ ಗೊತ್ತಿತ್ತು ಸಾರ್." ನೋಟ್ಸ್ ತೋರಿಸು ಅಂದೆ. ತೋರಿಸಿದಳು. ಎಷ್ಟು ಚೆಂದದ ನೋಟ್ಸ್ ಅಂತೀರಿ! ಬಿಳಿ ರಟ್ಟು ಹಾಕಿದ ಪುಸ್ತಕ, ಕೆಂಪು ಪೆನ್ನಲ್ಲಿ ಅಡಿಗೆರೆ, ಸ್ಕೇಲಿಟ್ಟು ಎಳೆದ ಮಾರ್ಜಿನ್. ಒಂದೇ ಒಂದು ಕಾಟು ಇಲ್ಲ. ಕಾಟು ಯಾಕಿಲ್ಲ ಹೇಳಿ? ಗೈಡ್ ನೋಡಿ ಇಳಿಸಿದ್ದಕ್ಕೆ.

ಸಮಾಂತರ ಶ್ರೇಢಿಯ ಪಾಠ ತೆಗೆಸಿದೆ, ಅಂದರೆ ಪ್ರತಿ ಸಲ ಒಂದೇ ಸಂಖ್ಯೆ ಕೂಡಿಸುತ್ತಾ ಹೋಗುವ ಸಾಲು. 3, 7, 11, 15, ಹೀಗೆ ಹೋಗುತ್ತೆ, ಇಪ್ಪತ್ತನೇ ಪದ ಯಾವುದು? ಅವಳ ನೋಟ್ಸಲ್ಲೇ ಇತ್ತು ಲೆಕ್ಕ. ನೋಡಿ, "ಇದು ಗೊತ್ತು ಸಾರ್, ಸುಲಭ" ಅಂದಳು. ಸರಿ, ಪುಸ್ತಕ ಮುಚ್ಚು, ಬರಿ ಅಂದೆ. ಮೇಜಿನ ಮೂಲೆಯಲ್ಲೇ ಬಗ್ಗಿ ಬರೆದಳು. 3 ಕೂಡಿಸು 20 ಗುಣಿಸು 4, ಉತ್ತರ 83. ಪೆನ್ನು ಇಟ್ಟು ನನ್ನ ಮುಖ ನೋಡಿದಳು, ಶಹಬ್ಬಾಸ್ ಅಂತೀನಿ ಅಂತ.

ನಾನು ಏನೂ ಹೇಳಲಿಲ್ಲ. ಎರಡನೇ ಪದ ಎಷ್ಟು ಅಂತ ಕೇಳಿದೆ. "ಏಳು." ಮೂರರಿಂದ ಏಳಕ್ಕೆ ಹೋಗೋಕೆ ನಾಲ್ಕನ್ನು ಎಷ್ಟು ಸಲ ಕೂಡಿಸಿದೆ? "ಒಂದು ಸಲ." ಮೂರನೇ ಪದಕ್ಕೆ? "ಎರಡು ಸಲ." ಹಾಗಾದರೆ ಇಪ್ಪತ್ತನೇ ಪದಕ್ಕೆ? ಬಾಯಿ ತೆರೆದವಳು ಹಾಗೇ ನಿಂತಳು. ಆಮೇಲೆ, "ಅಯ್ಯೋ, ಹತ್ತೊಂಬತ್ತು!" 3 ಕೂಡಿಸು 19 ಗುಣಿಸು 4, ಉತ್ತರ 79. ಎನ್ ಅಂದರೆ ಎಷ್ಟನೇ ಪದವೋ ಅದು, ಸೂತ್ರದಲ್ಲಿ ಎನ್ ಮೈನಸ್ ಒಂದು ಯಾಕೆ ಕೂತಿದೆ ಅಂತ ಅವಳಿಗೆ ಅವತ್ತೇ ಗೊತ್ತಾದದ್ದು. ನೋಟ್ಸಲ್ಲಿ ಅದನ್ನೇ ನಾಲ್ಕು ಕಡೆ ಬರೆದಿದ್ದಳು ಪುಣ್ಯಾತ್ಗಿತ್ತಿ.

ನಾನು ಮಾಡಿದ್ದು ಅಷ್ಟೇ. ಮುಂದಿನದು ಅವಳದ್ದು. ಹಳೇ ನೋಟ್ ಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಕಿತ್ತು, ದಬ್ಬಣದಲ್ಲಿ ತೂತು ಮಾಡಿ, ಹೊಲಿದು, ಒಂದು ಪುಸ್ತಕ ಮಾಡಿಕೊಂಡಳು. ಪಾಠ ಓದುವುದು, ಮುಚ್ಚುವುದು, ಬರೆಯುವುದು, ಆಮೇಲೆ ತೆರೆದು ನೋಡಿ ತಪ್ಪಿದ ಜಾಗಕ್ಕೆ ಸುತ್ತು ಹಾಕುವುದು. ಆ ಪುಸ್ತಕ ನೋಡಲು ಮಾತ್ರ ಗಲೀಜು. ಬರೀ ಕಾಟು, ಬರೀ ಸುತ್ತು. ಬೆಳಗ್ಗೆ ಹಾಲಿನ ಕ್ಯಾನ್ ಹಿಡಿದು ಡೈರಿ ಮುಂದೆ ಸಾಲಲ್ಲಿ ನಿಂತಾಗ ತ್ರಿಭುಜದ ಪಾಠದ ಥೇಲ್ಸನ ಪ್ರಮೇಯ ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳಂತೆ. ಹಾಲು ಅಳೆಯುವವನು ನನ್ನನ್ನೇ ಕೇಳಿದ, "ಏನು ಮೇಷ್ಟ್ರೇ, ಆ ಹುಡುಗಿ ಒಬ್ಬಳೇ ಮಾತಾಡ್ತಾಳೆ?"

ಅವಳು ನನ್ನ ಹತ್ತಿರ ಬಂದು ಕೇಳುವ ರೀತಿಯೂ ಬದಲಾಯಿತು. ಮೊದಲು "ಸಾರ್, ಈ ಪಾಠ ಅರ್ಥ ಆಗಲಿಲ್ಲ" ಅನ್ನುತ್ತಿದ್ದಳು. ಡಿಸೆಂಬರ್ ಹೊತ್ತಿಗೆ "ಸಾರ್, ಮೂರನೇ ಸಾಲಿಂದ ನಾಲ್ಕನೇ ಸಾಲಿಗೆ ಹೇಗೆ ಬಂದ್ರಿ?" ಇಂಥ ಪ್ರಶ್ನೆಗೆ ಮೇಷ್ಟ್ರು ಒಂದು ನಿಮಿಷದಲ್ಲಿ ಉತ್ತರ ಹೇಳಬಹುದು. ಇಡೀ ಪಾಠ ಗೊತ್ತಿಲ್ಲ ಅಂದರೆ ಬ್ರಹ್ಮನೂ ಏನೂ ಮಾಡಲಾರ. ಎಲ್ಲಿ ಗೊತ್ತಿಲ್ಲ ಅಂತ ಹುಡುಕುವುದು ನಿಮ್ಮ ಕೆಲಸ, ಅದು ಪುಸ್ತಕ ಮುಚ್ಚಿದರೆ ಮಾತ್ರ ಸಿಗುತ್ತದೆ.

ಪರೀಕ್ಷೆಯಲ್ಲಿ ಅವಳಿಗೆ 61 ಬಂತು. ಪೇಪರಿನಲ್ಲಿ ಫೋಟೊ ಬರಲಿಲ್ಲ. ಆದರೆ ಆ 61ರಲ್ಲಿ ಒಂದು ಅಂಕವೂ ಗೈಡಿನದಲ್ಲ.

ಕಥೆ ಉದ್ದವಾಯಿತು. ಇಲ್ಲಿ ಸ್ಟುಡಿಯೊದ ಗಾಜಿನ ಆಚೆ ಕೂತವರು ಆಗಲೇ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಇದು ನನ್ನೊಬ್ಬನ ಹುಚ್ಚಲ್ಲ. 2006ರಲ್ಲಿ ರೋಡಿಗರ್, ಕಾರ್ಪಿಕೆ ಅಂತ ಅಮೆರಿಕದ ಇಬ್ಬರು ಮನಃಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಒಂದು ಗುಂಪು ಒಂದು ಬರಹವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಮೂರು ಸರದಿ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದರೆ ಓದಿದವರಿಗೆ ಶೇಕಡ 40 ನೆನಪಿತ್ತು, ಬರೆದವರಿಗೆ ಶೇಕಡ 61. ತಮಾಷೆ ಏನು ಗೊತ್ತಾ? ಚೆನ್ನಾಗಿ ನೆನಪಿರುತ್ತೆ ಅಂತ ಜಾಸ್ತಿ ಧೈರ್ಯ ಇದ್ದದ್ದು ಬರೀ ಓದಿದವರಿಗೇ. "ಎಲ್ಲಾ ಗೊತ್ತಿತ್ತು ಸಾರ್" ಅನ್ನುವ ಮಾತು ಅಮೆರಿಕದಲ್ಲೂ ಇದೆ ಅಂತಾಯಿತು.

ನಿಮ್ಮಮ್ಮ ಮುದ್ದೆ ತೊಳಸುವುದನ್ನು ಹುಟ್ಟಿದಾಗಿನಿಂದ ನೋಡಿದ್ದೀರಿ. ಇವತ್ತು ಕೋಲು ಕೈಗೆ ಕೊಟ್ಟರೆ ಗಂಟಾಗದಂತೆ ತೊಳಸುತ್ತೀರಾ? ಮೊಬೈಲಲ್ಲಿ ಲೆಕ್ಕದ ವಿಡಿಯೊ ನೋಡುವುದೂ ಅಷ್ಟೇ. ನೋಡಿ, ಬೇಡ ಅನ್ನಲ್ಲ. ನೋಡಿದ ಮೇಲೆ ಫೋನನ್ನು ಬೋರಲು ಹಾಕಿ ಅದೇ ಲೆಕ್ಕ ಬರೆಯಿರಿ.

2024ರಲ್ಲಿ ಏನಾಯಿತು ನೆನಪಿದೆಯಾ? ಎಸ್ಸೆಸ್ಸೆಲ್ಸಿ ಕೇಂದ್ರಗಳಿಗೆ ಕ್ಯಾಮೆರಾ ಬಂತು, ಕೊಠಡಿಯಲ್ಲಿ ನಡೆಯುವುದನ್ನು ದೂರದಲ್ಲೇ ಕೂತು ನೋಡುವ ವೆಬ್‌ಕಾಸ್ಟಿಂಗ್ ಶುರುವಾಯಿತು. ಹಿಂದಿನ ವರ್ಷ ಶೇಕಡ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಕೊಟ್ಟ ಮೇಲೆ. ಕ್ಯಾಮೆರಾ ಯಾರ ಉತ್ತರವನ್ನೂ ಅಳಿಸಲಿಲ್ಲ, ಪಕ್ಕದವರ ಉತ್ತರಕ್ಕೆ ಅಡ್ಡ ನಿಂತಿತು ಅಷ್ಟೇ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಒಂದಲ್ಲ ಒಂದರಲ್ಲಿ ಆಗುತ್ತೆ ಬಿಡಿ ಅನ್ನುವವರಿದ್ದಾರೆ. ಎಷ್ಟು ಸಲ ಕೂತರೂ ಎದುರಿಗೆ ಇರುವುದು ಖಾಲಿ ಹಾಳೆಯೇ ಅಲ್ವಾ?

ದಯವಿಟ್ಟು ನಿಮ್ಮ ಮೇಷ್ಟ್ರನ್ನು "ಇಂಪಾರ್ಟೆಂಟ್ ಹೇಳಿ ಸಾರ್" ಅಂತ ಪೀಡಿಸಬೇಡಿ. ಪರೀಕ್ಷಾ ಮಂಡಳಿ ಮಾದರಿ ಪ್ರಶ್ನೆಪತ್ರಿಕೆ ಕೊಡುತ್ತದೆ. ಅದನ್ನಿಟ್ಟುಕೊಂಡು, ಭಾನುವಾರ ಬೆಳಗ್ಗೆ ಗಡಿಯಾರ ನೋಡಿ, ಎದ್ದು ನೀರಿಗೂ ಹೋಗದೆ ಬರೆಯಿರಿ. ಹೇಗೆ? ಹಾಂ, ಪುಸ್ತಕ ಮುಚ್ಚಿ.

ಅಪ್ಪ ಅಮ್ಮಂದಿರಿಗೆ ಎರಡು ಮಾತು ಅಂದಿದ್ದೆ. ಬೆಳಗ್ಗೆ ಐದಕ್ಕೆ ಎಬ್ಬಿಸುವ ಕೆಲಸ ಬಿಡಿ, ಅಲಾರಂ ಅವರೇ ಇಟ್ಟುಕೊಳ್ಳಲಿ. "ಓದಿದೆಯಾ" ಅಂತ ಕೇಳಬೇಡಿ, "ಬರೆದದ್ದು ತೋರಿಸು" ಅನ್ನಿ. ನಿಮಗೆ ಓದಲು ಬರದಿದ್ದರೂ ಪರವಾಗಿಲ್ಲ, ಕಾಟು ಇದೆಯಾ ನೋಡಿ.

ಸಮಯ ಮುಗಿಯಿತು. ಹೋಗುವ ಮುಂಚೆ ಒಂದು ಲೆಕ್ಕ, ಪೆನ್ನು ತಗೊಳ್ಳಿ. 4, 11, 18, 25, ಹೀಗೇ ಮುಂದೆ. ಈ ಶ್ರೇಢಿಯಲ್ಲಿ 200 ಬರುತ್ತದೆಯೇ? ಬರುವುದಾದರೆ ಎಷ್ಟನೇ ಪದ? ಉತ್ತರ ನಾನು ಹೇಳುವುದಿಲ್ಲ, ಗೈಡಲ್ಲೂ ಹುಡುಕಬೇಡಿ. ಬರೆದು, ನಾಳೆ ನಿಮ್ಮ ಮೇಷ್ಟ್ರಿಗೆ ತೋರಿಸಿ. 28 ಅಂತ ಬಂದವರು ಮಾತ್ರ ಇನ್ನೊಂದು ಸಲ ಮಾಡಿ. ನಮಸ್ಕಾರ.