ಹೋಮ್‌ಸ್ಕೂಲ್‌ನಲ್ಲಿ ಯಾವ ಮಟ್ಟದ ಪ್ರಶ್ನೆ ಕೇಳಬೇಕು?

ನಮಸ್ಕಾರ. ಮನೆಯಲ್ಲೇ ಮಕ್ಕಳಿಗೆ ಕಲಿಸುತ್ತಿದ್ದೀರಾ? ಹಾಗಾದರೆ ಒಂದು ದಿನ ನೀವು ಕೇಳುವ ಪ್ರಶ್ನೆಗಳನ್ನೆಲ್ಲ ಸುಮ್ನೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ರಾತ್ರಿ ತೆಗೆದು ನೋಡಿ. ಯಾರು, ಏನು, ಎಷ್ಟು, ಯಾವಾಗ... ಇವೇ ಜಾಸ್ತಿ ಇದ್ದರೆ ಈ ವಿಡಿಯೋ ನಿಮಗಾಗಿಯೇ.

(ಪರದೆಯ ಮೇಲೆ: ನೆನಪು – ಅರ್ಥ – ಬಳಕೆ – ಬಿಡಿಸಿ ನೋಡುವುದು – ತೂಗಿ ನೋಡುವುದು – ಹೊಸದು ಕಟ್ಟುವುದು)

ಈ ಆರು ಮಟ್ಟಗಳನ್ನು ನೀವು ಎಲ್ಲೋ ನೋಡಿರುತ್ತೀರಿ. ಬ್ಲೂಮ್ ಟ್ಯಾಕ್ಸಾನಮಿ ಅಂತಾರೆ. ಅಮೆರಿಕದ ಕಾಲೇಜುಗಳಲ್ಲಿ ಪರೀಕ್ಷೆ ನಡೆಸುತ್ತಿದ್ದವರು, ಎಲ್ಲರೂ ಬೇರೆ ಬೇರೆ ಕೂತು ಪ್ರಶ್ನೆ ತಯಾರಿಸುವ ಬದಲು ಹಂಚಿಕೊಳ್ಳೋಣ, ಅದಕ್ಕೊಂದು ವಿಂಗಡಣೆ ಬೇಕು ಅಂತ ಹೊರಟು ಮಾಡಿದ್ದು ಇದು. ಶಿಕಾಗೋ ವಿಶ್ವವಿದ್ಯಾಲಯದ ಬೆಂಜಮಿನ್ ಬ್ಲೂಮ್ ಮುಂದಾಳತ್ವದಲ್ಲಿ 1956ರಲ್ಲಿ ಪುಸ್ತಕ ಬಂತು. 2001ರಲ್ಲಿ ಆಂಡರ್ಸನ್ ಮತ್ತು ಕ್ರಾಥ್ವೋಲ್ ಅದನ್ನು ತಿದ್ದಿದರು. ಈಗ ಪರದೆಯ ಮೇಲಿರುವುದು ಆ ತಿದ್ದಿದ ಪಟ್ಟಿ.

ಇತಿಹಾಸ ಇಷ್ಟು ಸಾಕು. ಇದರಲ್ಲಿ ನಮಗೆ ಬೇಕಾದ ಮಾತು ಒಂದಿದೆ: ಇದು ಹುಟ್ಟಿದ್ದು ಪ್ರಶ್ನೆಗಳನ್ನು ವಿಂಗಡಿಸುವುದಕ್ಕೆ, ಮಕ್ಕಳನ್ನು ವಿಂಗಡಿಸುವುದಕ್ಕಲ್ಲ. ಚಿಕ್ಕವರಿಗೆ ಕೆಳಗಿನ ಮಟ್ಟ, ದೊಡ್ಡವರಿಗೆ ಮೇಲಿನದು ಅಂತ ಹಂಚಿಬಿಡುವವರು ತುಂಬಾ ಜನ ಇದ್ದಾರೆ. ಐದು ವರ್ಷದ ಮಗುವಿಗೆ ಕಥೆ ಹೇಳಿ, "ಆ ನರಿ ಮಾಡಿದ್ದು ಸರಿನಾ? ಯಾಕೆ?" ಅಂತ ಕೇಳಿ ನೋಡಿ. ವಾದವನ್ನೇ ಶುರು ಮಾಡುತ್ತದೆ! ಅದು ಐದನೇ ಮಟ್ಟದ ಪ್ರಶ್ನೆ.

ಈಗ ನಿಜವಾದ ತೊಡಕಿಗೆ ಬರೋಣ. "ಈ ಪದದಿಂದ ಶುರುವಾದರೆ ಈ ಮಟ್ಟದ ಪ್ರಶ್ನೆ" ಅನ್ನುವ ಪಟ್ಟಿಗಳು ಸಿಗುತ್ತವೆ. 'ಪಟ್ಟಿ ಮಾಡು' ಅಂದರೆ ನೆನಪು, 'ಹೋಲಿಸು' ಅಂದರೆ ಬಿಡಿಸಿ ನೋಡುವುದು, ಹೀಗೆ. ನನಗೆ ಇವುಗಳ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. ನೆರಳಿನ ಪಾಠವನ್ನೇ ತಗೊಳ್ಳಿ. "ಮಧ್ಯಾಹ್ನ ನೆರಳು ಯಾಕೆ ಚಿಕ್ಕದಾಗಿರುತ್ತದೆ?" 'ಯಾಕೆ' ಇದೆ, ಯೋಚನೆಯ ಪ್ರಶ್ನೆ ಅನ್ನಿಸುತ್ತದೆ, ಅಲ್ವಾ? ಆದರೆ "ಸೂರ್ಯ ಎತ್ತರದಲ್ಲಿ ಇರುವುದರಿಂದ" ಅಂತ ಮಗು ನಿನ್ನೆಯಷ್ಟೇ ಓದಿದ್ದರೆ, ಇವತ್ತು ಅದನ್ನೇ ಒಪ್ಪಿಸುತ್ತದೆ. ಅದು ಬರೀ ನೆನಪು. ಉತ್ತರ ಕೊಡಲು ಮಗು ತಲೆಯೊಳಗೆ ಏನು ಮಾಡಬೇಕಾಯಿತು ಅನ್ನುವುದರ ಮೇಲೆ ಮಟ್ಟ ನಿಂತಿದೆ.

ಅದೇ ಪಾಠದಲ್ಲಿ ಹೀಗೆ ಕೇಳಿ: ರಾತ್ರಿ ಬೀದಿ ದೀಪದ ಹತ್ತಿರ ನಡೆದು ಹೋಗುವಾಗ ನಮ್ಮ ನೆರಳು ಚಿಕ್ಕದಾಗುತ್ತಾ ಬಂದು, ದೀಪ ದಾಟಿದ ಮೇಲೆ ಮತ್ತೆ ಉದ್ದವಾಗುತ್ತದಲ್ಲ, ಅದು ಹೇಗೆ? ಇಲ್ಲಿ ಸೂರ್ಯ ಇಲ್ಲ, ಪುಸ್ತಕದ ವಾಕ್ಯ ಕೈ ಹಿಡಿಯುವುದಿಲ್ಲ. ಕಲಿತದ್ದನ್ನು ಹೊಸ ಜಾಗಕ್ಕೆ ಒಯ್ಯಲೇಬೇಕು. ಬೆಳಗ್ಗೆಯೂ ನೆರಳು ಉದ್ದ, ಸಂಜೆಯೂ ಉದ್ದ; ಎರಡು ಫೋಟೋ ಕೊಟ್ಟರೆ ಯಾವುದು ಬೆಳಗ್ಗೆಯದು ಅಂತ ಹೇಗೆ ಹೇಳುತ್ತೀಯ, ಹೇಳುವುದಕ್ಕೆ ಇನ್ನೇನು ಗೊತ್ತಿರಬೇಕು? ಇದು ಬಿಡಿಸಿ ನೋಡುವುದು. "ಮಧ್ಯಾಹ್ನದ ನೆರಳು ವರ್ಷವಿಡೀ ಒಂದೇ ಅಳತೆ ಇರುತ್ತದೆ ಅಂತ ಒಬ್ಬರು ಹೇಳುತ್ತಾರೆ, ಒಪ್ಪುತ್ತೀಯಾ, ಹೇಗೆ ಪರೀಕ್ಷೆ ಮಾಡುತ್ತೀಯ?" ಇದು ತೂಗಿ ನೋಡುವುದು. ಕೊನೆಗೆ ಒಂದು ಕೋಲು ಕೊಟ್ಟು ಸಮಯ ತೋರಿಸುವ ಏನಾದರೂ ಮಾಡು ಅನ್ನಿ. ಅದಕ್ಕೆ ಒಂದು ಬಿಸಿಲಿನ ದಿನ ಪೂರ್ತಿ ಬೇಕು, ಗಂಟೆ ಗಂಟೆಗೂ ಎದ್ದು ಹೋಗಿ ಗುರುತು ಹಾಕಬೇಕು. ಮನೆಯಲ್ಲಿ ಆ ಸಮಯ ಇದೆ, ಪೀರಿಯಡ್ ಮುಗಿದ ಗಂಟೆ ಹೊಡೆಯುವುದಿಲ್ಲ.

ಇಬ್ಬರು ಮಕ್ಕಳಿದ್ದರೆ ಇನ್ನೂ ಒಳ್ಳೆಯದು. ಪಾಠ ಒಂದೇ, ಪ್ರಶ್ನೆ ಬೇರೆ. ದೊಡ್ಡವಳು ಅಳತೆ ಬರೆದು ಗ್ರಾಫ್ ಹಾಕಲಿ, ಚಿಕ್ಕವನು ಮುಂದಿನ ಗುರುತು ಎಲ್ಲಿ ಬೀಳಬಹುದು ಅಂತ ಊಹಿಸಲಿ. ಊಹೆ ತಪ್ಪಾದಾಗ ಅಕ್ಕನಿಗೇ "ಯಾಕೆ ತಪ್ಪಾಯಿತು, ಅವನಿಗೆ ಅರ್ಥವಾಗುವ ಹಾಗೆ ಹೇಳು" ಅನ್ನಿ.

ಗಣಿತಕ್ಕೆ ಇದು ಹೊಂದುವುದಿಲ್ಲ ಅನ್ನುವವರಿಗೆ ಒಂದು ಚಿಕ್ಕ ಲೆಕ್ಕ.

(ಪರದೆಯ ಮೇಲೆ: 19 × 6 = 134)

ಗುಣಿಸದೆ ಇದು ತಪ್ಪು ಅಂತ ತೋರಿಸು ಅನ್ನಿ. 20 ಆರಲಿ 120, ಹಾಗಾದರೆ 19 ಆರಲಿ ಅದಕ್ಕಿಂತ ಕಡಿಮೆ ಬರಬೇಕು. ಇಲ್ಲಿ ಒಂದು ವಿಷಯ ಗಮನಿಸಿ: ಮಗ್ಗಿ ಬಾಯಿಗೆ ಬರದವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಅದಕ್ಕೇ ನೆನಪಿನ ಪ್ರಶ್ನೆಗಳನ್ನು ಕೀಳು ಅಂತ ಬಿಡಬೇಡಿ. ಏನೂ ಗೊತ್ತಿಲ್ಲದ ವಿಷಯದ ಬಗ್ಗೆ "ನಿನ್ನ ಅಭಿಪ್ರಾಯ ಏನು?" ಅಂತ ಕೇಳಿದರೆ ಸಿಗುವುದು ಬರೀ ಗಾಳಿಮಾತು. ಪಾಠದ ಶುರುವಿನಲ್ಲಿ, ಹೋದ ವಾರದ್ದು ಎರಡು ಮೂರು, ಪುಸ್ತಕ ಮುಚ್ಚಿ ಕೇಳಿ, ಮುಂದೆ ಹೋಗಿ. ಅಷ್ಟೇ ಸಾಕು.

ಇನ್ನೊಂದು. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಇರಿ. ನಾವು ದೊಡ್ಡವರಿಗೆ ಇದೇ ಕಷ್ಟ! ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ ತರಗತಿಗಳಲ್ಲಿ ಕೂತು ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರವೇ ಬರದೆ ಹೋಗುವುದು ಕಡಿಮೆಯಾಯಿತು. ಮನೆಯಲ್ಲಿ ಮೂವತ್ತು ಮಕ್ಕಳು ಕಾಯುತ್ತಿಲ್ಲವಲ್ಲ, ನಾವು ಇನ್ನೂ ಜಾಸ್ತಿ ಕಾಯಬಹುದು. ಬೇಕಾದರೆ ಪ್ರಶ್ನೆಯನ್ನು ಬೆಳಗ್ಗೆ ಬೋರ್ಡಿನ ಮೇಲೆ ಬರೆದಿಟ್ಟು ಸಂಜೆ ಉತ್ತರ ಕೇಳಿ.

ವಾರದ ಪ್ಲಾನ್ ಬರೆಯುವಾಗ ಪ್ರತಿ ಪಾಠಕ್ಕೂ ಆರು ಪ್ರಶ್ನೆ ತುಂಬಿಸಲು ಹೋಗಬೇಡಿ, ಎರಡೇ ವಾರದಲ್ಲಿ ಸುಸ್ತಾಗುತ್ತೀರಿ. ಪಾಠದ ಪಕ್ಕದಲ್ಲಿ ಒಂದೇ ಒಂದು ಬರೆಯಿರಿ, ಪುಸ್ತಕದಲ್ಲಿ ನೇರವಾಗಿ ಉತ್ತರ ಸಿಗದಂಥದ್ದು. ಉಳಿದವು ಮಾತಿನ ನಡುವೆ ತಾವಾಗಿಯೇ ಬರುತ್ತವೆ. ನಿಮ್ಮ ಮನೆಯಲ್ಲಿ ಈ ವಾರ ಯಾವ ಪಾಠ ನಡೆಯುತ್ತಿದೆ ಅಂತ ಕಾಮೆಂಟಲ್ಲಿ ಹಾಕಿ, ಅದಕ್ಕೆ ಅಂಥ ಒಂದು ಪ್ರಶ್ನೆ ಹುಡುಕೋಣ.